ಡಾಕ್ ಎಡಿಷನ್‌ಗೆ ಹೋದ ಶಪಿರೊ

2024ರ ಆಗಸ್ಟ್ 7ರ ವಿದೇಶ ಪುಟದ ಒಂದು ಪ್ರತಿ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ. ಸಿಟಿ ಎಡಿಷನ್‌ದಲ್ಲ, ದೂರದ ಊರುಗಳಿಗೆ ಬೇಗ ಅಚ್ಚಾಗಿ ಹೋಗುವ ಮೊದಲ ಡಾಕ್ ಎಡಿಷನ್‌ದು. ಅದರ ಮುಖ್ಯ ಹೆಡ್ಡಿಂಗ್ ‘ಹ್ಯಾರಿಸ್ ಜೊತೆಗೆ ಶಪಿರೊ’ ಅಂತಿದೆ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಕಮಲಾ ಹ್ಯಾರಿಸ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡಿದ್ದು ಮಿನೆಸೋಟಾದ ಗವರ್ನರ್ ಟಿಮ್ ವಾಲ್ಜ್ ಅವರನ್ನು. ಜಾಶ್ ಶಪಿರೊ ಪೆನ್ಸಿಲ್ವೇನಿಯಾದ ಗವರ್ನರ್ ಆಗಿಯೇ ಉಳಿದರು. ಆ ಹೆಡ್ಡಿಂಗ್ ಕೊಟ್ಟವನು ನಾನು.

ಆ ವಾರ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಆ ಪುಟ ಮಾಡಿದ ಹಿಂದಿನ ದಿನವೇ, ಆಗಸ್ಟ್ 5ಕ್ಕೆ, ಶೇಖ್ ಹಸೀನಾ ಢಾಕಾ ಬಿಟ್ಟು ಭಾರತಕ್ಕೆ ಬಂದಿದ್ದರು. ಮುಖಪುಟದಿಂದ ಹಿಡಿದು ಒಳಪುಟದವರೆಗೆ ಎಲ್ಲ ಬಾಂಗ್ಲಾದೇಶವೇ. ಗಳಿಗೆಗೊಂದು ಟೇಕ್, ಅಂದರೆ ಏಜೆನ್ಸಿ ಸುದ್ದಿಯ ಹೊಸ ಕಂತು, ಬರ್ತಿತ್ತು. ಆ ಕಡೆ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಕುಸ್ತಿ ನಡೀತಿತ್ತು, ಸ್ಪೋರ್ಟ್ಸ್ ಡೆಸ್ಕ್‌ನವರು ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ನಮ್ಮ ವಿದೇಶ ಡೆಸ್ಕ್‌ನಲ್ಲಿ ಮೊದಲು ಏಳು ಜನ ಇದ್ದೆವು, ಆಗ ನಾಲ್ಕೇ ಜನ. ಅದರ ಮೇಲೆ ಆಡಳಿತದವರು ಒಳಪುಟ ಬಿಡುವ ಸಮಯವನ್ನು ಮುಕ್ಕಾಲು ಗಂಟೆ ಹಿಂದಕ್ಕೆ ಎಳೆದಿದ್ದರು. ನಮಗಿರೋದು ಒಂದೇ ಪ್ರೆಸ್, ಮಳೆಗಾಲದಲ್ಲಿ ದೂರದ ವ್ಯಾನ್ ಬೇಗ ಹೊರಡಬೇಕು ಅನ್ನುವುದು ಅವರ ಕಾರಣ. ಆರು ಗಂಟೆಗೆ ವಿದೇಶ ಪುಟ ಹೋಗಲೇಬೇಕು. ಅಮೆರಿಕದಲ್ಲಿ ಆಗ ಬೆಳಗ್ಗೆ ಎಂಟೂವರೆ. ಅಲ್ಲಿ ದಿನ ಶುರುವಾಗುವಾಗ ನಮ್ಮ ಪುಟ ಮುಗಿದಿರಬೇಕು! ಇದರ ಬಗ್ಗೆ ಎರಡು ಸಲ ಮೇಲ್ ಬರೆದಿದ್ದೆ, ಉತ್ತರ ಬಂದಿರಲಿಲ್ಲ.

ಆದರೆ ತಪ್ಪು ಸಮಯದ್ದಲ್ಲ, ನನ್ನದು.

ಬೈಡನ್ ಕಣದಿಂದ ಹಿಂದೆ ಸರಿದಿದ್ದು ಜುಲೈ 21ಕ್ಕೆ. ಹ್ಯಾರಿಸ್ ಅವರಿಗೆ ಜೊತೆಗಾರರನ್ನು ಹುಡುಕಲು ಸಿಕ್ಕಿದ್ದು ಎರಡು ವಾರ ಚಿಲ್ಲರೆ. ಮಂಗಳವಾರ ಸಂಜೆ ಫಿಲಡೆಲ್ಫಿಯಾದಲ್ಲಿ ಇಬ್ಬರೂ ಒಟ್ಟಿಗೆ ವೇದಿಕೆಗೆ ಬರುತ್ತಾರೆ ಅಂತ ಗೊತ್ತಾಗಿತ್ತು. ಫಿಲಡೆಲ್ಫಿಯಾ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಆ ರಾಜ್ಯದ 19 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇಷ್ಟು ಅಂತ ಇರುವ ಮತ) ಇಲ್ಲದೆ ಹ್ಯಾರಿಸ್ ಗೆಲ್ಲೋದು ಕಷ್ಟ ಅಂತ ಎಲ್ಲರೂ ಹೇಳುತ್ತಿದ್ದರು. ಅಲ್ಲಿನ ಗವರ್ನರ್ ಜನಪ್ರಿಯ, ಮಾತುಗಾರ. 2023ರಲ್ಲಿ ಕುಸಿದ ಹೆದ್ದಾರಿ ಸೇತುವೆಯನ್ನು ಹನ್ನೆರಡೇ ದಿನದಲ್ಲಿ ಸಂಚಾರಕ್ಕೆ ಬಿಡಿಸಿದವರು. ಊರು ಅವರದು, ರಾಜ್ಯ ಅವರದು, ಮತ್ತೆ ಬೇರೆ ಯಾರನ್ನು ಕರೆದುಕೊಂಡು ಬಂದು ಅಲ್ಲಿ ನಿಲ್ಲಿಸುತ್ತಾರೆ? ನನಗೆ ಅನುಮಾನವೇ ಬರಲಿಲ್ಲ. ನಾಲ್ಕು ಗಂಟೆಗೆ ಕೂತು ಐನೂರು ಪದದ ವಿಶ್ಲೇಷಣೆ ಹೊಡೆದೆ.

ನಮ್ಮ ಡೆಸ್ಕ್‌ಗೆ ಬಂದು ಎಂಟು ತಿಂಗಳಾಗಿದ್ದ ಒಬ್ಬ ಹುಡುಗ ಇದ್ದ, ಹಾವೇರಿ ಕಡೆಯವನು. ಹೆಡ್ಡಿಂಗ್ ಹಾಕಿದ್ದು ಅವನೇ: ‘ಹ್ಯಾರಿಸ್ ಜೊತೆಗೆ ಶಪಿರೊ?’ ನಾನು ಆ ಪ್ರಶ್ನಾರ್ಥಕ ಚಿಹ್ನೆ ತೆಗೆದೆ.

“ಇರ್ಲಿ ಬಿಡ್ರಿ ಸರ್. ಇನ್ನೂ ಹೇಳಿಲ್ಲಲ್ರಿ ಅವ್ರು” ಅಂದ.

“ರ್‍ಯಾಲಿ ನಮ್ಮ ಟೈಮಿಗೆ ಬೆಳಗಿನ ಜಾವ ಮೂರು ಗಂಟೆಗೆ. ಹೆಸರು ಆಗಲೇ ಬರೋದು. ಡಾಕ್ ಓದುವವರ ಕೈಗೆ ಪೇಪರ್ ಸಿಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ಪ್ರಶ್ನೆ ಇಟ್ರೆ ಹಳಸಲು ಕಾಣುತ್ತಪ್ಪ” ಅಂದೆ.

“ವಾಲ್ಜ್‌ದೂ ಒಂದ್ ಕಾಪಿ ಮಾಡಿ ಇಟ್ಟಿರ್ತೀನ್ರಿ.”

“ಟೈಮ್ ಇದ್ರೆ ಮಾಡು. ಮೊದ್ಲು ಢಾಕಾ ಮುಗಿಸು.”

ಅವನಿಗೆ ಯಾಕೆ ವಾಲ್ಜ್ ತಲೆಯಲ್ಲಿದ್ದರು ಅಂತ ನಾನು ಕೇಳಲೂ ಇಲ್ಲ. ಅವನು ಎರಡು ವಾರದಿಂದ ಎಲ್ಲರ ಟಿವಿ ಸಂದರ್ಶನ ಕೇಳುತ್ತಿದ್ದ. ನಾನು ರಾಜ್ಯವಾರು ಮತದ ನಕ್ಷೆ ಮಾತ್ರ ನೋಡುತ್ತಿದ್ದೆ.

ಪುಟ ಬಿಟ್ಟಿದ್ದು 6.05ಕ್ಕೆ. ಏಜೆನ್ಸಿಯ ಫ್ಲ್ಯಾಶ್ ಸುದ್ದಿ ಬಂದಿದ್ದು ಆರೂವರೆ ದಾಟಿದ ಮೇಲೆ. ನಾನು ಟೀ ಲೋಟ ಹಿಡಿದುಕೊಂಡು ಪುಟ ಜೋಡಿಸುವ ಪೇಜಿನೇಟರ್ ಹತ್ತಿರ ನಿಂತಿದ್ದೆ. ಹುಡುಗ ಕುರ್ಚಿಯಿಂದ ಎದ್ದು “ಸರ್” ಅಂದ, ಅಷ್ಟೇ. ಅವನ ಮುಖ ನೋಡಿದಾಗಲೇ ಗೊತ್ತಾಯಿತು. ಸ್ಕ್ರೀನ್ ಮೇಲೆ ಒಂದೇ ಸಾಲು ಇತ್ತು, ಹ್ಯಾರಿಸ್ ವಾಲ್ಜ್ ಅವರನ್ನು ಆರಿಸಿದ್ದಾರೆ ಅಂತ. ಇನ್ನೊಂದು ಏಜೆನ್ಸಿಯಲ್ಲಿ ನೋಡಿದೆ. ಅಲ್ಲೂ ಅದೇ.

ಪ್ರೆಸ್‌ಗೆ ಫೋನ್ ಮಾಡಿದೆ. ಶಿಫ್ಟ್ ಇನ್‌ಚಾರ್ಜ್ ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಯಾರೋ ಎತ್ತಿ, ಮಷಿನ್ ಸದ್ದಿನ ಮಧ್ಯೆ “ಪ್ಲೇಟ್ ಕಟ್ಟಾಯ್ತು ಸರ್, ಓಡ್ತಾ ಇದೆ” ಅಂದರು. ನಿಲ್ಲಿಸಿ ಅಂದೆ. ನೀವು ಹೇಳಿದ್ರೆ ಆಗಲ್ಲ, ನ್ಯೂಸ್ ಎಡಿಟರ್ ಹೇಳಬೇಕು ಅಂದರು. ನ್ಯೂಸ್ ಎಡಿಟರ್ ಮೀಟಿಂಗ್‌ನಲ್ಲಿ ಇದ್ದರು. ಬಾಗಿಲು ತಳ್ಳಿಕೊಂಡೇ ಒಳಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು, ಗಡಿಯಾರ ನೋಡಿದರು, ವ್ಯಾನ್ ವಿಭಾಗಕ್ಕೆ ಒಂದು ಫೋನ್ ಮಾಡಿದರು. “ಮೊದಲ ಡಾಕ್ ಹೋಗಲಿ. ಎರಡನೆಯದರಿಂದ ಬದಲಾಯಿಸಿ” ಅಂದರು. ನಾನು ಇನ್ನೊಮ್ಮೆ ಕೇಳಿದೆ. “ಹೋಗಿ ಪುಟ ಮಾಡ್ರೀ” ಅಂದರು.

ಆ ಹೊತ್ತು ಮೆಟ್ಟಿಲು ಇಳಿಯುತ್ತಾ ನನಗೆ ಅನಿಸಿದ್ದನ್ನು ಇಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಇಪ್ಪತ್ತೊಂದು ವರ್ಷದ ಕೆಲಸದಲ್ಲಿ ಅಂಥ ತಪ್ಪು ಮಾಡಿರಲಿಲ್ಲ. ಕಾಪಿಯಲ್ಲಿ ತಪ್ಪು ನುಸುಳುವುದು ಬೇರೆ. ಆಗದೆ ಇರುವುದನ್ನು ಆಗಿದೆ ಅಂತ ಹೆಡ್ಡಿಂಗ್ ಕೊಡುವುದು ಬೇರೆ.

ಡೆಸ್ಕ್‌ಗೆ ಬಂದರೆ ಹುಡುಗನ ಫೈಲ್ ರೆಡಿ ಇತ್ತು. ನಾನೂರು ಪದ, ‘ನುಡಿ’ ತಂತ್ರಾಂಶದ ಫಾಂಟ್‌ನಲ್ಲಿ ಹೊಡೆದಿದ್ದ. ಯೂನಿಕೋಡ್‌ಗೆ ಹಾಕಿದರೆ ಒತ್ತಕ್ಷರಗಳೆಲ್ಲ ಒಡೆದುಹೋದವು, ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂತಿತು, ವಾಲ್ಜ್ ಅನ್ನುವ ಹೆಸರೇ ಓದುವ ಹಾಗಿರಲಿಲ್ಲ. ಇಷ್ಟು ವರ್ಷ ಆದರೂ ನಮಗೆ ಒಂದು ಸರಿಯಾದ ಕನ್ವರ್ಟರ್ ಕೊಡಿಸಲು ಆಗಿಲ್ಲ! ಇಬ್ಬರೂ ಪಕ್ಕಪಕ್ಕ ಕೂತು ಕೈಯಲ್ಲೇ ತಿದ್ದಿದೆವು. ಕಾಪಿ ಚೆನ್ನಾಗಿತ್ತು. ನೆಬ್ರಾಸ್ಕಾದಲ್ಲಿ ಹುಟ್ಟಿದ್ದು, 24 ವರ್ಷ ನ್ಯಾಷನಲ್ ಗಾರ್ಡ್‌ನಲ್ಲಿ ಇದ್ದಿದ್ದು, ಹೈಸ್ಕೂಲ್ ಮೇಷ್ಟ್ರಾಗಿ ಭೂಗೋಳ ಹೇಳಿಕೊಟ್ಟಿದ್ದು, ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟಿದ್ದು, 2006ರಲ್ಲಿ ರಿಪಬ್ಲಿಕನ್ನರ ಕೈಯಲ್ಲಿದ್ದ ಕ್ಷೇತ್ರ ಗೆದ್ದು ಸಂಸತ್ತಿಗೆ ಹೋಗಿದ್ದು, 2019ರಿಂದ ಗವರ್ನರ್ ಆಗಿರುವುದು, ಎಲ್ಲಾ ಅದರಲ್ಲಿತ್ತು. ಟ್ರಂಪ್ ಕಡೆಯವರನ್ನು ‘ವಿಚಿತ್ರ ಜನ’ ಅಂತ ಟಿವಿಯಲ್ಲಿ ಅಂದು ಅವರು ಹೇಗೆ ದೇಶಕ್ಕೆಲ್ಲ ಪರಿಚಯ ಆದರು ಅನ್ನುವುದೂ ಇತ್ತು. 7.20ಕ್ಕೆ ಪುಟ ಮತ್ತೆ ಬಿಟ್ಟೆವು. ಹುಡುಗ ಒಂದು ಮಾತೂ ಆಡಲಿಲ್ಲ. ಅವನು ಏನಾದರೂ ಅಂದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ಸಿಟಿ ಎಡಿಷನ್ ಮುಗಿದ ಮೇಲೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಕೂತೆ.

ನಾನು ಹನ್ನೆರಡು ವರ್ಷ ರಾಜ್ಯ ರಾಜಕೀಯ ಪುಟ ನೋಡಿದವನು. ನಮ್ಮಲ್ಲಿ ಡಿಸಿಎಂ ಆಯ್ಕೆ ಅಂದರೆ ಜಾತಿ, ಜಿಲ್ಲೆ, ಬಣ. 2019ರಲ್ಲಿ ಯಡಿಯೂರಪ್ಪ ಸರ್ಕಾರದಲ್ಲಿ ಕಾರಜೋಳ, ಅಶ್ವತ್ಥನಾರಾಯಣ, ಸವದಿ ಅಂತ ಒಟ್ಟಿಗೆ ಮೂವರು ಡಿಸಿಎಂ ಆದರು. ಆಗ ನಾನು ಬರೆದಿದ್ದು ಪೂರ್ತಿ ಅದೇ ಲೆಕ್ಕ, ಅದು ಸರಿಯೂ ಇತ್ತು. ಅದೇ ಕನ್ನಡಕ ಹಾಕಿಕೊಂಡು ಅಮೆರಿಕ ನೋಡಿದೆ. ನಮ್ಮ ಡಿಸಿಎಂ ಹುದ್ದೆ ಸಂವಿಧಾನದಲ್ಲಿಲ್ಲ. ಮುಖ್ಯಮಂತ್ರಿ ಹೋದರೆ ಡಿಸಿಎಂ ತಾನಾಗಿಯೇ ಮುಖ್ಯಮಂತ್ರಿ ಆಗುವುದಿಲ್ಲ. ಅಲ್ಲಿ ಹಾಗಲ್ಲ. ಅಧ್ಯಕ್ಷರು ಸತ್ತರೆ, ರಾಜೀನಾಮೆ ಕೊಟ್ಟರೆ, ಆ ಕ್ಷಣಕ್ಕೆ ಉಪಾಧ್ಯಕ್ಷರೇ ಅಧ್ಯಕ್ಷ. ಹೀಗೆ ಇದುವರೆಗೆ ಒಂಬತ್ತು ಸಲ ಆಗಿದೆ. ಎಂಟು ಸಲ ಅಧ್ಯಕ್ಷರ ಸಾವಿನಿಂದ, ಒಂದು ಸಲ 1974ರಲ್ಲಿ ನಿಕ್ಸನ್ ರಾಜೀನಾಮೆಯಿಂದ. ಹುದ್ದೆಯ ಈ ಅರ್ಧವನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ನಾನು ನಂಬಿದ್ದ ಅರ್ಧವಾದರೂ ಗಟ್ಟಿ ಇತ್ತಾ? ತವರು ರಾಜ್ಯ ಗೆದ್ದುಕೊಡುವ ಜೊತೆಗಾರ ಅಂದ ತಕ್ಷಣ ಎಲ್ಲರೂ ಹೇಳುವುದು 1960ರ ಲಿಂಡನ್ ಜಾನ್ಸನ್ ಹೆಸರು. ಕೆನಡಿ ತಮ್ಮ ಜೊತೆಗೆ ಜಾನ್ಸನ್ ಅವರನ್ನು ಸೇರಿಸಿಕೊಂಡರು, ಜಾನ್ಸನ್ ಅವರ ಟೆಕ್ಸಸ್‌ನ 24 ಮತ ಬಂತು. ಸರಿ. ಆಮೇಲೆ? 1988ರಲ್ಲಿ ಡುಕಾಕಿಸ್ ಅದೇ ಟೆಕ್ಸಸ್‌ನ ಲಾಯ್ಡ್ ಬೆಂಟ್ಸನ್ ಅವರನ್ನು ತಗೊಂಡರು, ಟೆಕ್ಸಸ್ ಸೋತರು. 2004ರಲ್ಲಿ ಕೆರಿ ನಾರ್ತ್ ಕೆರೊಲಿನಾದ ಎಡ್ವರ್ಡ್ಸ್ ಅವರನ್ನು ತಗೊಂಡು ಆ ರಾಜ್ಯ ಸೋತರು. 2012ರಲ್ಲಿ ರಾಮ್ನಿ ವಿಸ್ಕಾನ್ಸಿನ್‌ನ ಪಾಲ್ ರಯಾನ್ ಅವರನ್ನು ತಗೊಂಡು ಆ ರಾಜ್ಯ ಸೋತರು. ಇನ್ನು ಗೆದ್ದವರನ್ನು ನೋಡಿದರೆ 2000ದಲ್ಲಿ ಬುಷ್ ಜೊತೆ ನಿಂತ ಡಿಕ್ ಚೆನಿ ಅವರ ವಯೋಮಿಂಗ್‌ಗೆ ಇದ್ದಿದ್ದು ಮೂರೇ ಮತ. 1992ರಲ್ಲಿ ಕ್ಲಿಂಟನ್ ಆರಿಸಿದ ಅಲ್ ಗೋರ್ ಪಕ್ಕದ ರಾಜ್ಯದವರೇ, ವಯಸ್ಸೂ ಹೆಚ್ಚು ಕಡಿಮೆ ಒಂದೇ. ಯಾವ ಸಮತೋಲನದ ಲೆಕ್ಕಕ್ಕೂ ಬರುವುದಿಲ್ಲ. ಅಷ್ಟು ಹಿಂದೆಯೂ ಹೋಗಬೇಕಿರಲಿಲ್ಲ. ಮೂರು ವಾರ ಮುಂಚೆ ಟ್ರಂಪ್ ಆರಿಸಿದ ಜೆ.ಡಿ. ವಾನ್ಸ್ ಅವರ ಒಹಾಯೊ ಟ್ರಂಪ್ ಆಗಲೇ ಎರಡು ಸಲ ಗೆದ್ದಿದ್ದ ರಾಜ್ಯ. ಆ ಸುದ್ದಿಯ ಕಾಪಿ ತಿದ್ದಿದ್ದೂ ನಾನೇ.

2020ರಲ್ಲಿ ಬೈಡನ್ ಹ್ಯಾರಿಸ್ ಅವರನ್ನೇ ಆರಿಸುತ್ತಾರೆ ಅಂತ ಮೊದಲೇ ಹೇಳಿ ಸರಿಯಾಗಿದ್ದೆ. ನನಗೆ ಅಷ್ಟು ಧೈರ್ಯ ಬಂದಿದ್ದು ಅದರಿಂದಲೇ ಇರಬೇಕು. ಆದರೆ ಅವರ ಕ್ಯಾಲಿಫೋರ್ನಿಯಾ ಹೇಗಿದ್ದರೂ ಡೆಮಾಕ್ರಟಿಕ್ ಪಕ್ಷದ್ದೇ ಅಲ್ವಾ? ಅವತ್ತು ನನ್ನ ಊಹೆ ಸರಿಯಾಗಿತ್ತು, ನಾನು ಕೊಟ್ಟ ಕಾರಣ ಸರಿಯಿರಲಿಲ್ಲ. ನಾಲ್ಕು ವರ್ಷ ಅದನ್ನು ಗಮನಿಸಲೇ ಇಲ್ಲ.

ಹಾಗಾದರೆ ಗಟ್ಟಿ ಜೊತೆಗಾರ ಯಾರು? ಆ ರಾತ್ರಿ ಡಾಕ್ ಪುಟವನ್ನೇ ಮುಂದೆ ಹರಡಿಕೊಂಡು ಕೂತಿದ್ದೆ. ನನ್ನ ಹೆಡ್ಡಿಂಗ್ ಕೆಳಗೆ ಸಿಂಗಲ್ ಕಾಲಂನಲ್ಲಿ ಹಿರೋಶಿಮಾ ಸ್ಮರಣೆಯ ಫೋಟೊ ಇತ್ತು. ಪ್ರತಿ ವರ್ಷ ಆಗಸ್ಟ್ 6ಕ್ಕೆ ಹಾಕುತ್ತೇವೆ, ಅದು 79ನೇ ವರ್ಷ. ಅದನ್ನು ನೋಡಿದಾಗ ಟ್ರೂಮನ್ ನೆನಪಾದರು. 1944ರಲ್ಲಿ ರೂಸ್‌ವೆಲ್ಟ್ ಆರೋಗ್ಯ ಕೆಟ್ಟಿತ್ತು. ಆಗಿನ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಅವರನ್ನು ಬಿಟ್ಟು ಮಿಸೌರಿಯ ಸೆನೆಟರ್ ಟ್ರೂಮನ್ ಅವರನ್ನು ಟಿಕೆಟ್‌ಗೆ ಹಾಕಿದ್ದು ಪಕ್ಷದ ಒಳಗಿನ ರಾಜಿ. ಟ್ರೂಮನ್ ಉಪಾಧ್ಯಕ್ಷರಾಗಿದ್ದು ಬರೀ 82 ದಿನ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಅಣುಬಾಂಬ್ ಯೋಜನೆಯ ಪೂರ್ತಿ ವಿವರ ಟ್ರೂಮನ್‌ಗೆ ಸಿಕ್ಕಿದ್ದು ಅಧ್ಯಕ್ಷರಾದ ಮೇಲೆ. ಅದೇ ಆಗಸ್ಟ್‌ನಲ್ಲಿ ಅವರ ಸರ್ಕಾರ ಬಾಂಬ್ ಹಾಕಿತು. 1944ರಲ್ಲಿ ನನ್ನಂಥ ಡೆಸ್ಕ್‌ನವನು ಕೂತು ಬರೆದಿದ್ದರೆ ಮಿಸೌರಿಯ ಮತ ಎಷ್ಟು ಅಂತ ಬರೆಯುತ್ತಿದ್ದ. ಆ ಮನುಷ್ಯನ ಕೈಯಲ್ಲಿ ಏನು ಕೊಡಬಹುದು, ಏನು ಕೊಡಬಾರದು ಅಂತ ಬರೆಯುತ್ತಿರಲಿಲ್ಲ.

ನವೆಂಬರ್‌ನಲ್ಲಿ ಹ್ಯಾರಿಸ್ ಸೋತಾಗ ಆಫೀಸಿನಲ್ಲಿ ಕೆಲವರು ನನ್ನನ್ನು ಸಮಾಧಾನ ಮಾಡಲು ಬಂದರು. “ನಿಮ್ಮ ಶಪಿರೊ ಆಗಿದ್ರೆ ಗೆಲ್ತಿದ್ರು ಬಿಡಿ” ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹ್ಯಾರಿಸ್‌ಗೆ ಬಂದಿದ್ದು 226. ಪೆನ್ಸಿಲ್ವೇನಿಯಾದ 19 ಸೇರಿಸಿ, 245 ಆಗುತ್ತೆ. ಬೇಕಿದ್ದು 270. ಯಾವ ಕಡೆಗೂ ವಾಲಬಹುದಾದ ತೂಗುಯ್ಯಾಲೆಯ ಏಳೂ ರಾಜ್ಯ ಕೈಬಿಟ್ಟಾಗ ಎರಡನೇ ಹೆಸರಿನ ಮೇಲೆ ಹೊರೆ ಹಾಕುವುದು ಸರಿಯಲ್ಲ.

ಈಗ ನಮ್ಮ ಡೆಸ್ಕ್‌ನಲ್ಲಿ ಇಂಥ ಆಯ್ಕೆ ಬಂದಾಗ ಪಟ್ಟಿಯಲ್ಲಿರುವ ಪ್ರತಿಯೊಬ್ಬರದೂ ಒಂದು ಫೈಲ್ ಮಾಡುತ್ತೇವೆ. ಅದರ ಮೊದಲ ಪ್ಯಾರಾದಲ್ಲಿ ತವರು ರಾಜ್ಯ ಬರುವ ಹಾಗಿಲ್ಲ. ನಾಳೆ ಬೆಳಗ್ಗೆ ಇವರೇ ಅಧ್ಯಕ್ಷರಾದರೆ ಯಾವ ಅನುಭವದ ಮೇಲೆ ಕೆಲಸ ಮಾಡುತ್ತಾರೆ ಅಂತ ಬರೆಯಬೇಕು. ಈ ನಿಯಮ ಮಾಡಿಸಿದ್ದು ಹಾವೇರಿ ಹುಡುಗ. ನಾನು ರಜೆ ಹಾಕಿದ ದಿನ ಪುಟ ನೋಡಿಕೊಳ್ಳುವುದೂ ಈಗ ಅವನೇ.

ಇನ್ನೊಂದು ವಿಷಯ ಬಾಕಿ ಇದೆ. ಮರುದಿನವೇ ನಾನು ಅದೇ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಬೇಕು ಅಂದೆ. ಸಿಟಿಯಲ್ಲಿ ಸರಿಯಾಗಿದೆ, ಸುಮ್ನೆ ಯಾಕೆ ಅಂತ ಮೇಲಿನವರು ಬೇಡ ಅಂದರು. ಅದು ನನಗೆ ಹೆಡ್ಡಿಂಗ್‌ಗಿಂತ ಜಾಸ್ತಿ ನೋವು ಕೊಟ್ಟಿತು. ದೂರದ ಊರಿನಲ್ಲಿ ಓದುವವರೂ ದುಡ್ಡು ಕೊಟ್ಟೇ ಪೇಪರ್ ತಗೊಳ್ಳುವುದು. ಒಂದು ವಾರಕ್ಕೆ ರಾಯಚೂರು ಜಿಲ್ಲೆಯಿಂದ ಒಂದು ಕಾರ್ಡ್ ಬಂತು. ನಿವೃತ್ತ ಮೇಷ್ಟ್ರು, ಹಾಸ್ಟೆಲ್ ಹುಡುಗರಿಗೆ ನಮ್ಮ ಪೇಪರ್ ನೋಡಿ ಸಾಮಾನ್ಯ ಜ್ಞಾನ ಬರೆಸುತ್ತಾರಂತೆ. ‘ನಿಮ್ಮಲ್ಲಿ ಶಪಿರೊ ಎಂದಿದೆ, ರೇಡಿಯೊದಲ್ಲಿ ವಾಲ್ಜ್ ಎನ್ನುತ್ತಾರೆ, ಯಾವುದನ್ನು ಬರೆಸಲಿ?’ ಅಂತ ಕೇಳಿದ್ದರು. ಅವತ್ತೇ ಉತ್ತರ ಬರೆದೆ. ವಾಲ್ಜ್ ಸರಿ, ತಪ್ಪು ನನ್ನದು, ಅವಸರದಲ್ಲಿ ಬರೆದೆ, ಕ್ಷಮಿಸಿ ಅಂದೆ. ಸೆಪ್ಟೆಂಬರ್‌ನಲ್ಲಿ ಅವರಿಂದ ಇನ್ನೊಂದು ಕಾರ್ಡ್ ಬಂತು. ಮೂವತ್ತೆರಡು ನೋಟ್‌ಬುಕ್‌ನಲ್ಲಿ ಹೆಸರು ತಿದ್ದಿಸಿದ್ದೇನೆ ಅಂತ ಬರೆದಿದ್ದರು.