ಹೊಳೆ ಇಳಿದಾಗ ತೆರೆಯುತ್ತಿದ್ದ ಗಡಿ: ಎಡೆದೊರೆಯ ಕೋಟೆಗಳು

ರಾಯಚೂರು ಕೋಟೆಯ ಪಶ್ಚಿಮ ದಿಕ್ಕಿನ ಒಳಗೋಡೆಯಲ್ಲಿ ಒಂದೇ ಕಲ್ಲಿನ ಚಪ್ಪಡಿಯೊಂದಿದೆ. ಅದರ ಉದ್ದ 41 ಅಡಿಗೂ ಹೆಚ್ಚು. ಗೋಡೆಯುದ್ದಕ್ಕೂ ಮಲಗಿಸಿದಂತಿರುವ ಆ ಕಲ್ಲಿನ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯವರೆಗೆ ನಡೆದು ನೋಡಿದಾಗಲೇ ಅದರ ಗಾತ್ರ ಮನಸ್ಸಿಗೆ ಇಳಿಯುತ್ತದೆ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಾನು ಹಾಗೆ ನಡೆದೆ. ಹದಿನೈದು ಹೆಜ್ಜೆಗಳಿಗೂ ಅದು ಮುಗಿಯಲಿಲ್ಲ. ಅದರ ಮೇಲಿರುವ ತೆಲುಗು ಶಾಸನ ಶಕವರ್ಷ 1216ರದು, ಅಂದರೆ ಕ್ರಿ.ಶ. 1294ರದು. ಕಾಕತೀಯ ಪ್ರತಾಪರುದ್ರನ ಕಾಲದಲ್ಲಿ ಅವನ ದಂಡನಾಯಕ ವಿಠ್ಠಲನಾಥನು ಆದವಾನಿ, ತುಂಬುಳ, ಮಾನುವ, ಹಾಲುವ ದುರ್ಗಗಳನ್ನು ಗೆದ್ದು ರಾಯಚೂರನ್ನು ಪ್ರವೇಶಿಸಿ, ಊರಿನವರ ರಕ್ಷಣೆಗಾಗಿ ಈ ಗಟ್ಟಿಯಾದ ಗೋಡೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಗೋರೆ ಗಂಗಯ್ಯ ರುದ್ದಿವಾರುವಿನ ಹೆಸರು ಈ ಕೋಟೆಯ ಕಟ್ಟುವಿಕೆಯ ಜೊತೆಗೆ ಸೇರಿಕೊಂಡಿರುವುದು ಇದೇ ಶಾಸನದಿಂದ. ಹತ್ತಿರದಲ್ಲೇ ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದ ಒಂದು ಚಿತ್ರವಿದೆ. ಭಾರೀ ಕಲ್ಲನ್ನು ಹೊತ್ತ ಬಂಡಿ, ಅದಕ್ಕೆ ಹೂಡಿದ ದನಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸುತ್ತಿರುವ ಜನ, ಹಿಂದಿನಿಂದ ಚಕ್ರಕ್ಕೆ ಸನ್ನೆಕೋಲು ಕೊಟ್ಟು ಎತ್ತುತ್ತಿರುವ ಆಳುಗಳು. ಶಾಸನದಲ್ಲಿ ದಂಡನಾಯಕರ ಹೆಸರುಗಳಿವೆ. ಕಲ್ಲನ್ನು ನಿಜಕ್ಕೂ ತಂದವರು ಈ ಗೆರೆಗಳಲ್ಲಿದ್ದಾರೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಶಾಸನಕ್ಕಿಂತ ಈ ಬಂಡಿಯ ಕಡೆಗೇ ಹೋಗುತ್ತದೆ.

ಇಷ್ಟು ಕಷ್ಟಪಟ್ಟು ಇಲ್ಲೇ ಏಕೆ ಗೋಡೆ ಕಟ್ಟಿದರು ಎಂಬ ಪ್ರಶ್ನೆಗೆ ಉತ್ತರ ಈ ನಾಡಿನ ಹಳೆಯ ಹೆಸರಿನಲ್ಲಿಯೇ ಇದೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಪ್ರದೇಶವನ್ನು ನಮ್ಮ ಶಾಸನಗಳು ಎಡೆದೊರೆ ಎಂದು ಕರೆದಿವೆ. ದೊರೆ ಎಂದರೆ ಹಳಗನ್ನಡದಲ್ಲಿ ಹೊಳೆ ಎಂಬ ಅರ್ಥವೂ ಇದೆ. ಎರಡು ಹೊಳೆಗಳ ಎಡೆಯ ನಾಡು ಎಡೆದೊರೆ. ರಾಜೇಂದ್ರ ಚೋಳನ ತಮಿಳು ಪ್ರಶಸ್ತಿಯಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿ ಬನವಾಸಿಯ ಜೊತೆಗೆ ಇದೂ ‘ಇಡೈತುರೈನಾಡು’ ಎಂದು ಬರುತ್ತದೆ. ಪಠ್ಯಪುಸ್ತಕಗಳು ರಾಯಚೂರು ದೋಆಬ್ ಎಂದು ಕಲಿಸಿದ್ದರಿಂದ ಈ ಸೊಗಸಾದ ಕನ್ನಡ ಹೆಸರು ನಮ್ಮ ಬಾಯಿಂದ ಜಾರಿಹೋಗಿರುವುದು ನನಗೆ ಬೇಸರದ ಸಂಗತಿ. ಎರೆಮಣ್ಣಿನ ಬಯಲು, ಹಟ್ಟಿಯ ಸುತ್ತಲಿನ ಚಿನ್ನ, ದಕ್ಷಿಣೋತ್ತರವಾಗಿ ಸಾಗುವ ದಾರಿಗಳು, ಇಷ್ಟಿದ್ದ ಮೇಲೆ ಇದನ್ನು ಯಾರು ಬಿಟ್ಟುಕೊಟ್ಟಾರು? ಹೆಸರನ್ನೇ ಹೇಳುವ ಅಶೋಕನ ಶಾಸನ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿದ್ದೂ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ.

ಎರಡು ರಾಜ್ಯಗಳ ನಡುವೆ ದೊಡ್ಡ ನದಿ ಹರಿಯುತ್ತಿದ್ದರೆ ಅದೇ ಕಂದಕ, ಅದರ ದಂಡೆಯೇ ಗೋಡೆ ಎಂದು ನಕಾಶೆ ನೋಡುವವರಿಗೆ ಅನ್ನಿಸುವುದು ಸಹಜ. ಹೊಳೆಸಾಲಿನ ಊರುಗಳಲ್ಲಿ ಬೆಳೆದವರಿಗೆ ಹಾಗೆ ಅನ್ನಿಸುವುದಿಲ್ಲ. ಮುಂಗಾರಿನಲ್ಲಿ ಮೇಲಿನ ಘಟ್ಟಗಳಲ್ಲಿ ಮಳೆ ಹಿಡಿದಾಗ ಕೃಷ್ಣೆ ದಂಡೆಯಿಂದ ದಂಡೆಗೆ ಕೆಂಪಾಗಿ ಹರಿಯುತ್ತಾಳೆ. ಆ ತಿಂಗಳುಗಳಲ್ಲಿ ಯಾವ ಕೋಟೆಯ ಹಂಗೂ ಬೇಕಿರಲಿಲ್ಲ. ದಸರಾ ಕಳೆದು, ಹಿಂಗಾರಿನ ಬಿತ್ತನೆ ಮುಗಿದು, ಹೊಳೆ ಇಳಿಯತೊಡಗಿದರೆ ಬಂಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ, ಎತ್ತಿನ ಗಾಡಿ ಹಾಯುವಂಥ ಕಡವುಗಳು ತೆರೆದುಕೊಳ್ಳುತ್ತವೆ. ದಂಡುಗಳು ಹೊರಡುತ್ತಿದ್ದುದೂ ಸಾಮಾನ್ಯವಾಗಿ ಅದೇ ಕಾಲದಲ್ಲಿ. ಹಾಗಾಗಿ ಇಲ್ಲಿ ನದಿ ವರ್ಷದ ಅರ್ಧ ಕಾಲ ಮಾತ್ರ ಗಡಿಯಾಗಿತ್ತು. ಉಳಿದ ಅರ್ಧ ಕಾಲಕ್ಕೆ ಎಡೆದೊರೆಯೇ ಗಡಿಯಾಗಬೇಕಿತ್ತು, ಒಂದು ಗೆರೆಯಾಗಿ ಅಲ್ಲ, ದಿನಗಟ್ಟಲೆ ನಡೆದು ದಾಟಬೇಕಾದ ಅಗಲದ ಪಟ್ಟಿಯಾಗಿ.

ಮುಖ್ಯ ಕೋಟೆಗಳು ನೀರಿನ ಅಂಚಿನಲ್ಲಿ ಇಲ್ಲದಿರುವುದಕ್ಕೆ ಕಾರಣ ಇದೇ ಎಂದು ನಾನು ತಿಳಿದಿದ್ದೇನೆ. ರಾಯಚೂರು ಎರಡೂ ಹೊಳೆಗಳಿಂದ ಹೆಚ್ಚುಕಡಿಮೆ ಒಂದು ದಿನದ ನಡಿಗೆಯ ದೂರದಲ್ಲಿ, ಬಯಲಿನ ನಡುವೆ ಎದ್ದ ಬಂಡೆಗುಡ್ಡಗಳನ್ನು ಬೆನ್ನಿಗಿಟ್ಟುಕೊಂಡು ಕುಳಿತಿದೆ. ಮುದಗಲ್ಲು ಇನ್ನೂ ಪಶ್ಚಿಮಕ್ಕೆ, ಅಗಲವಾದ ನೀರು ತುಂಬಿದ ಕಂದಕದ ಹಿಂದೆ ಗುಡ್ಡವನ್ನು ಸುತ್ತಿಕೊಂಡಿದೆ. ಯಾವ ಕಡವಿನಲ್ಲಿ ವೈರಿ ಹಾಯ್ದರೂ ಈ ಎರಡು ಕೋಟೆಗಳನ್ನು ಬೆನ್ನಿಗೆ ಬಿಟ್ಟು ಮುಂದೆ ಹೋಗುವ ಧೈರ್ಯ ಮಾಡುವಂತಿರಲಿಲ್ಲ. ಬಂಡೆಗಳ ನಡುವೆ ನೀರು ನಿಲ್ಲುತ್ತಿತ್ತು, ಗೋಡೆಗೆ ಬೇಕಾದ ಕಲ್ಲು ಕಾಲಬುಡದಲ್ಲೇ ಸಿಗುತ್ತಿತ್ತು. ಹೊಳೆಯೊಳಗೇ ನಿಂತ ಕೋಟೆ ಬೇಕೆಂದರೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗಕ್ಕೆ ಹೋಗಬೇಕು. ಅಲ್ಲಿ ಕೃಷ್ಣೆ ಕವಲೊಡೆದು ಸುತ್ತುವ ನಡುಗಡ್ಡೆಯ ಬಂಡೆಯ ಮೇಲೆ ಗೋಡೆಗಳು ಏರಿವೆ. ದಕ್ಷಿಣದ ತುದಿಯಲ್ಲಿ, ತುಂಗಭದ್ರೆಯ ಉತ್ತರ ದಂಡೆಯ ಮೇಲಿನ ಆನೆಗೊಂದಿ ವಿಜಯನಗರ ರಾಜಧಾನಿಯ ಹೊಸ್ತಿಲಾಗಿತ್ತು. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಹರಿಗೋಲನ್ನು ಬಹಳ ಅಕ್ಕರೆಯಿಂದ ನೋಡಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನು ಹೊತ್ತು ಸುತ್ತುತ್ತ ಸುತ್ತುತ್ತ ಸಾಗುವ ದೋಣಿ.

ಈ ಹರಿಗೋಲೇ ಒಮ್ಮೆ ದಂಡೆಯ ಕಾವಲನ್ನು ಮುರಿದಿತ್ತು. 1398ರ ಸುಮಾರಿನಲ್ಲಿ ವಿಜಯನಗರದ ಎರಡನೆಯ ಹರಿಹರನ ಸೇನೆ ಕೃಷ್ಣೆಯ ದಕ್ಷಿಣ ದಂಡೆಯಲ್ಲಿ ಬೀಡುಬಿಟ್ಟು, ತುಂಬಿದ ಹೊಳೆಯಾಚೆಗೆ ಬಹಮನಿ ಸುಲ್ತಾನ ಫಿರೋಜ್ ಷಾನನ್ನು ತಡೆದು ನಿಲ್ಲಿಸಿತ್ತು. ಪರ್ಷಿಯನ್ ಭಾಷೆಯ ಇತಿಹಾಸಕಾರ ಫಿರಿಷ್ತಾ ಬರೆಯುವಂತೆ ಖಾಜಿ ಸಿರಾಜ್ ಎಂಬಾತ ಕೆಲವರೊಡನೆ ವೇಷ ಬದಲಿಸಿ ಹೊಳೆ ದಾಟಿ, ಆಟದವರ ಮೇಳದೊಡನೆ ಬೀಡಿನೊಳಗೆ ನುಗ್ಗಿ, ರಾಯನ ಮಗನನ್ನು ಕುಣಿತದ ನಡುವೆಯೇ ಕೊಂದನು. ಆ ಗದ್ದಲದಲ್ಲಿ ಸುಲ್ತಾನನ ಪಡೆ ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟಿತು. ಅದಕ್ಕೆ ಮೊದಲು ಬುಕ್ಕರಾಯನ ಕಾಲದಲ್ಲಿ ಮುದಗಲ್ಲು ಕೈ ಬದಲಿಸಿತ್ತು. 1406ರಲ್ಲಿ ಮೊದಲನೆಯ ದೇವರಾಯನು ಮುದಗಲ್ಲಿನ ಅಕ್ಕಸಾಲಿಗರ ಹುಡುಗಿಗಾಗಿ ಹೊಳೆ ದಾಟಿದನೆಂಬ ಕಥೆಯೂ ಫಿರಿಷ್ತಾನದೇ. 1443ರಲ್ಲಿ ಎರಡನೆಯ ದೇವರಾಯ ಮುದಗಲ್ಲನ್ನು ಹಿಡಿದು ರಾಯಚೂರಿಗೆ ಮುತ್ತಿಗೆ ಹಾಕಿದ. ಈ ಯುದ್ಧಗಳ ಪಟ್ಟಿಯನ್ನು ಬೆಳೆಸುವುದು ಸುಲಭ, ಆದರೆ ಪ್ರತಿ ಸಲವೂ ಕೋಟೆಗಳ ಸುತ್ತಲಿನ ಊರುಗಳ ಬೆಳೆ ಮತ್ತು ದನಕರು ಹೋದವೆಂಬುದನ್ನು ನೆನೆಯದೆ ಅದನ್ನು ಓದಲು ನನಗೆ ಆಗುವುದಿಲ್ಲ.

1520ರ ರಾಯಚೂರು ಯುದ್ಧದ ಬಗ್ಗೆ ಮಾತ್ರ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ಗೋಡೆಯ ಕೆಲಸ ಎಷ್ಟು, ನದಿಯ ಕೆಲಸ ಎಷ್ಟು ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ವಿವರಗಳನ್ನು ಕೊಟ್ಟವನು ಮುಂದೆ ಕೆಲವು ವರ್ಷಗಳ ಮೇಲೆ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸ್. ಕೃಷ್ಣದೇವರಾಯನ ಸೇನೆಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಾಲಾಳುಗಳಿದ್ದರೆಂಬ ಅವನ ಅಂಕಿಯನ್ನು ನಾನು ಹಾಗೆಯೇ ಒಪ್ಪಲಾರೆ, ಆದರೆ ಕೋಟೆಯ ವರ್ಣನೆ ಕಣ್ಣಾರೆ ಕಂಡವರಿಂದ ಬಂದಂತಿದೆ. ಮೂರು ಸುತ್ತಿನ ಗೋಡೆ, ಗಾರೆಯಿಲ್ಲದೆ ಜೋಡಿಸಿದ ಭಾರೀ ಕಲ್ಲುಗಳು, ಒಳಗೆ ತುಂಬಿದ ಮಣ್ಣು, ಎತ್ತರದಲ್ಲಿ ವರ್ಷವಿಡೀ ಬತ್ತದ ನೀರು, ಐದು ವರ್ಷಕ್ಕೆ ಸಾಲುವಷ್ಟು ಧಾನ್ಯ, ಒಳಗೆ 8,000 ಕಾವಲು ಭಟರು, ಗೋಡೆಗಳ ಮೇಲೆ 200 ದೊಡ್ಡ ತೋಪುಗಳು. ಇಂಥ ಕೋಟೆಯ ಎದುರು ರಾಯನ ನಾಯಕರು ಗುದ್ದಲಿ, ಹಾರೆಗಳ ಮೊರೆಹೋದರು. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಅದರ ಗಾತ್ರ ನೋಡಿ 10 ಪಣದಿಂದ 50 ಪಣದವರೆಗೆ ಕೊಟ್ಟು ಆಳುಗಳಿಂದ ಕೊಂಡುಕೊಂಡರು. ಗಾರೆ ಹಾಕದ ಗೋಡೆಯಾದ್ದರಿಂದಲೇ ಒಂದು ಕಲ್ಲು ಸಡಿಲವಾದರೆ ಪಕ್ಕದ್ದೂ ಬರುತ್ತಿದ್ದಿರಬೇಕು. ಮೇಲಿನಿಂದ ಬೀಳುವ ಗುಂಡು, ಬಾಣಗಳ ನಡುವೆ ಒಂದು ಕಲ್ಲಿಗಾಗಿ ಪ್ರಾಣ ಪಣಕ್ಕಿಟ್ಟ ಆ ಆಳುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಅಷ್ಟರಲ್ಲಿ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾ ಉತ್ತರ ದಂಡೆಗೆ ಬಂದ. ಹೊಳೆಯಾಚೆಗೇ ಕಾದಿದ್ದರೆ ಏನಾಗುತ್ತಿತ್ತೋ, ಅವನು ದಾಟಿದ; ದಾಟಿ, ಎದುರಿಗೆ ತೋಪುಗಳ ಸಾಲನ್ನಿಟ್ಟು, ಕೃಷ್ಣೆಯನ್ನು ಬೆನ್ನಿಗಿಟ್ಟುಕೊಂಡು ಬೀಡುಬಿಟ್ಟ. 1520ರ ಮೇ 19ರಂದು ಯುದ್ಧ ಶುರುವಾದಾಗ ಬಿಜಾಪುರದ ತೋಪುಗಳು ರಾಯನ ಮುಂಚೂಣಿಯನ್ನು ಒಡೆದು ಹಿಂದಕ್ಕೆ ಅಟ್ಟಿದವು. ಕೃಷ್ಣದೇವರಾಯ ತನ್ನ ಸಾವಿನ ಗುರುತಾಗಿ ರಾಣಿಯರಿಗೆ ತೋರಿಸಲೆಂದು ಉಂಗುರವನ್ನು ಸೇವಕನ ಕೈಗಿತ್ತು, ಎರಡನೆಯ ಸಾಲನ್ನು ತಾನೇ ಮುನ್ನಡೆಸಿದ. ಆಗ ಹಿಂಜರಿದ ಬಿಜಾಪುರದ ಸೇನೆಗೆ ಹೋಗಲು ಜಾಗವಿದ್ದದ್ದು ಹೊಳೆಯಲ್ಲಿ ಮಾತ್ರ. ಅಸಂಖ್ಯ ಜನ ಅದರಲ್ಲೇ ಸತ್ತರು, ಇಸ್ಮಾಯಿಲ್ ಆನೆಯ ಮೇಲೆ ದಾಟಿ ಪಾರಾದ. ರಾಯ ಮರಳಿ ಕೋಟೆಗೆ ಬಂದಾಗ ಕ್ರಿಸ್ಟೊವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು 20 ಜನ ಬಂದೂಕುಗಾರರೊಡನೆ ಸೇರಿಕೊಂಡ. ಅವರು ಗೋಡೆಯ ತೆನೆಗಳ ಮೇಲೆ ಕಾಣಿಸಿಕೊಂಡವರನ್ನೆಲ್ಲ ಹೊಡೆಯತೊಡಗಿದ್ದರಿಂದ ಕೆಳಗೆ ಗುದ್ದಲಿಯವರ ಕೈ ಬಿಡುವಾಯಿತು. ಏನಾಗುತ್ತಿದೆಯೆಂದು ಇಣುಕಿ ನೋಡಿದ ಕೋಟೆಯ ಅಧಿಪತಿಯ ಹಣೆಗೆ ಗುಂಡು ತಗುಲಿತು; ಮರುದಿನ ಕೋಟೆ ಶರಣಾಯಿತು. ಇಷ್ಟಾಗಿಯೂ ಈ ಗೆಲುವು ಹತ್ತೇ ವರ್ಷ ಬಾಳಿತು: 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ ಮರುವರ್ಷ ರಾಯಚೂರು, ಮುದಗಲ್ಲುಗಳೆರಡೂ ಇಸ್ಮಾಯಿಲನ ಕೈಗೆ ಮರಳಿದವು.

ಕೊನೆಯ ಪಾಠವನ್ನು ಕಲಿಸಿದ್ದು ಕಲ್ಲಿನ ಕೋಟೆಯಲ್ಲ, ಮಣ್ಣಿನ ದಿಬ್ಬ. 1565ರ ಜನವರಿಯಲ್ಲಿ, ಹೊಳೆ ಇಳಿದಿದ್ದ ಕಾಲದಲ್ಲಿ, ನಾಲ್ವರು ಸುಲ್ತಾನರ ಸೇನೆಗಳು ತಾಳಿಕೋಟೆಯಿಂದ ಕೃಷ್ಣೆಯ ಕಡೆಗೆ ನಡೆದವು. ಅನುಕೂಲವಾದ ಕಡವಿನ ಎದುರು ದಂಡೆಯಲ್ಲಿ ರಾಮರಾಯನ ಕಡೆಯವರು ಮಣ್ಣಿನ ದಿಬ್ಬಗಳನ್ನೆಬ್ಬಿಸಿ ತೋಪುಗಳನ್ನು ಹೂಡಿದ್ದರು. ಫಿರಿಷ್ತಾನ ಪ್ರಕಾರ ಸುಲ್ತಾನರು ಆ ಕಡವನ್ನು ಕೈಬಿಟ್ಟವರಂತೆ ಬೇರೆ ಹಾಯುವ ಜಾಗ ಹುಡುಕುತ್ತ ಮೂರು ದಿನ ದಂಡೆಗುಂಟ ನಡೆದರು. ಈ ದಂಡೆಯಲ್ಲಿ ವಿಜಯನಗರದ ಸೇನೆಯೂ ದಿಬ್ಬಗಳನ್ನು ಬಿಟ್ಟು ಅವರ ಸಮಸಮಕ್ಕೆ ನಡೆಯಿತು. ಮೂರನೆಯ ರಾತ್ರಿ ಸುಲ್ತಾನರ ಪಡೆಗಳು ಥಟ್ಟನೆ ಹಿಂತಿರುಗಿ ಅದೇ ಕಡವಿಗೆ ಬಂದು, ತಡೆಯುವವರಿಲ್ಲದೆ ದಾಟಿದವು. ಕಾವಲಿಲ್ಲದ ದಿಬ್ಬ ಬರಿಯ ಮಣ್ಣಾಗಿತ್ತು. ರಕ್ಕಸಗಿ, ತಂಗಡಗಿಗಳ ಹೆಸರಿನಲ್ಲಿ ನಾವು ನೆನೆಯುವ ಜನವರಿ 23ರ ಯುದ್ಧ ನಡೆದದ್ದು ಆಮೇಲೆ. ಆ ದಿನದ ದುರಂತದ ಬೀಜ ಮಾತ್ರ ಈ ಕಡವಿನಲ್ಲೇ ಬಿದ್ದಿತ್ತೆಂದು ನನಗೆ ತೋರುತ್ತದೆ. ರಾಮರಾಯನಿಗೆ ಹೊಳೆಯ ಸ್ವಭಾವ ಗೊತ್ತಿರಲಿಲ್ಲವೆಂದಲ್ಲ. ಇಳಿದ ಹೊಳೆಯಲ್ಲಿ ಎಲ್ಲಿ ಬೇಕಾದರೂ ದಾರಿ ಸಿಕ್ಕೀತೆಂಬ ಭಯವೇ ಅವನ ಸೇನೆಯನ್ನು ದಿಬ್ಬ ಬಿಟ್ಟು ನಡೆಸಿತು.

ಅಲ್ಲಿಂದ ಮುಂದೆ ಎಡೆದೊರೆಯ ಕೋಟೆಗಳು ಎರಡು ರಾಜ್ಯಗಳ ನಡುವಿನ ಗಡಿಕೋಟೆಗಳಾಗಿ ಉಳಿಯಲಿಲ್ಲ. ಬಿಜಾಪುರ 1686ರಲ್ಲಿ ಔರಂಗಜೇಬನ ಕೈಸೇರಿತು, ನಂತರ ಈ ನಾಡು ನಿಜಾಮರ ಪಾಲಾಯಿತು. 1800ರಲ್ಲಿ ಬಳ್ಳಾರಿ ಸೀಮೆ ಬ್ರಿಟಿಷರಿಗೆ ಹೋದ ಮೇಲೆ ತುಂಗಭದ್ರೆ ಮತ್ತೆ ಗಡಿಯಾದಳು; ಒಂದು ದಂಡೆಯ ಕನ್ನಡಿಗರು ನಿಜಾಮರ ಪ್ರಜೆಗಳು, ಇನ್ನೊಂದು ದಂಡೆಯವರು ಮದ್ರಾಸ್ ಪ್ರಾಂತದವರು. ಆ ಗಡಿಗೆ ಯಾರೂ ಹೊಸ ಕೋಟೆ ಕಟ್ಟಲಿಲ್ಲ, ಆದರೂ ಅದು ಒಂದೂವರೆ ಶತಮಾನ ಉಳಿಯಿತು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದಾಗಲೂ ಅದರ ಒಂದು ತುದಿ ಹೈದರಾಬಾದಿನಲ್ಲಿತ್ತು, ಇನ್ನೊಂದು ಮದ್ರಾಸಿನಲ್ಲಿ. 1953ರಲ್ಲಿ ಬಳ್ಳಾರಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲಷ್ಟೇ ಬಳ್ಳಾರಿ ಬಳಿಯ ಎರಡೂ ದಂಡೆಗಳು ಒಂದೇ ರಾಜ್ಯದ ಹೊಳೆಸಾಲುಗಳಾದವು.

ಈಗ ಹೊಳೆ ಏರುವುದೂ ಇಳಿಯುವುದೂ ಮಳೆಯೊಂದರ ಕೈಯಲ್ಲಿಲ್ಲ. ನಾರಾಯಣಪುರದ ಜಲಾಶಯದ ಗೇಟುಗಳನ್ನು ಎತ್ತಿದ ಸುದ್ದಿ ಬಂದರೆ ಲಿಂಗಸುಗೂರಿನ ಕಡೆಯ ಹೊಳೆಸಾಲಿನವರು ಮೊದಲು ಕೇಳುವುದು ಶೀಲಹಳ್ಳಿ ಸೇತುವೆಯ ಬಗ್ಗೆ. ಅದು ಮುಳುಗಿದರೆ ನಡುಗಡ್ಡೆಗಳ ಊರಿನವರಿಗೆ ನೇರ ದಾರಿಯಿಲ್ಲ. ಸಂತೆಗೂ ಆಸ್ಪತ್ರೆಗೂ ಸುತ್ತಿ ಬಳಸಿ ಹೋಗಬೇಕು, ಇಲ್ಲವೇ ನೀರು ಇಳಿಯುವವರೆಗೆ ಕಾಯಬೇಕು.