ಮಳೆಗಾಲದಲ್ಲಿ ಸೋಪ್ ಮಾಡ್ಬೇಡಿ, ಸೋಮವಾರಪೇಟೆ ಕಡೆಯವ್ರಂತೂ ಬೇಡವೇ ಬೇಡ

ಜೂನ್ ಬಂತು ಅಂದ್ರೆ ನನಗೆ ಮೆಸೇಜ್ ಶುರು. ಅಕ್ಕಾ ಮಳೆ, ಹೊರಗೆ ಕಾಲಿಡಂಗಿಲ್ಲ, ಮನೇಲಿ ಕೂತು ಬೇಜಾರು, ಸೋಪ್ ಮಾಡೋದು ಹೇಳ್ಕೊಡಿ ಅಂತ. ಹೇಳ್ಕೊಡ್ತೀನಿ, ಮಾಡೋದು ಮಾತ್ರ ಡಿಸೆಂಬರ್‌ಗೆ ಇಟ್ಕೊಳ್ಳಿ.

ಯಾಕಂದ್ರೆ ಸೋಪ್ ಕಲಸಿ ಅಚ್ಚಿಗೆ ಹುಯ್ಯೋದು ಒಂದು ಗಂಟೆ ಕೆಲ್ಸ, ಮಾರನೇ ದಿನ ಕತ್ತರಿಸ್ಬೋದು, ಆಮೇಲೆ 4ರಿಂದ 6 ವಾರ ಅದು ಒಣಗ್ಬೇಕು, ಒಳಗಿರೋ ನೀರು ಹೋಗ್ಬೇಕು. ಜುಲೈಲಿ ಸೋಮವಾರಪೇಟೆ ಹತ್ರದ ಶಾಂತಳ್ಳಿ ಕಡೆ ಹಾಕ್ಕೊಳ್ಳೋ ಬಟ್ಟೇನೇ ಒಣಗಲ್ಲ, ಸೋಪ್ ಎಲ್ಲಿಂದ ಒಣಗುತ್ತೆ? ಅದೂ ಸಾಲ್ದು ಅಂತ ಮನೇಲಿ ಮಾಡಿದ ಸೋಪಲ್ಲಿ ಗ್ಲಿಸರಿನ್ ಪೂರ್ತಿ ಹಾಗೇ ಉಳಿದಿರುತ್ತೆ, ಅದು ಗಾಳಿಲಿರೋ ತೇವಾನ ಎಳ್ಕೊಂಡು ಸೋಪ್ ಮೇಲೆಲ್ಲ ಬೆವರಿನ ಹನಿ ಕೂರುತ್ತೆ. ಕುಶಾಲನಗರದವ್ರಿಗೆ ಈ ಗೋಳು ಅಷ್ಟಿಲ್ಲ, ಜಿಲ್ಲೆ ಒಂದೇ ಆದ್ರೂ ಅಲ್ಲಿ ಮಳೆ ಕಮ್ಮಿ. ನನ್ ಲೆಕ್ಕ ಇಷ್ಟೇ, ಕಣದಲ್ಲಿ ಕಾಫಿ ಒಣಗೋ ಟೈಮಲ್ಲಿ ಸೋಪೂ ಒಣಗ್ಲಿ, ಆದ್ರೆ ಬಿಸಿಲಿಗೆ ಇಡ್ಬೇಡಿ, ನೆರಳು, ಗಾಳಿ ಸಾಕು.

ಇನ್ನು ಕಾಸ್ಟಿಕ್ ಸೋಡಾ, ಅಂದ್ರೆ ಸೋಡಿಯಂ ಹೈಡ್ರಾಕ್ಸೈಡ್. ಮಡಿಕೇರೀಲಿ ಟೂರಿಸ್ಟ್ ಅಂಗಡಿಗಳಲ್ಲಿ "ಕೆಮಿಕಲ್ ಇಲ್ಲದ ಸೋಪ್" ಅಂತ ಬೋರ್ಡ್ ನೋಡಿದ್ರೆ ನನಗೆ ಮೈ ಉರಿಯುತ್ತೆ. ಎಣ್ಣೆ ಪ್ಲಸ್ ಕಾಸ್ಟಿಕ್, ಅದೇ ಸೋಪು ಮತ್ತೆ ಗ್ಲಿಸರಿನ್ ಆಗೋದು, ಕಾಸ್ಟಿಕ್ ಇಲ್ದೆ ಸೋಪೇ ಇಲ್ಲ. ರೆಡಿ ಸೋಪ್ ಬೇಸ್ ಕರಗಿಸಿ ಮಾಡ್ತೀವಿ ಅನ್ನೋರದ್ದು ಅಷ್ಟೇ, ಆ ಕೆಲ್ಸ ಫ್ಯಾಕ್ಟರಿಯವ್ರು ಮೊದ್ಲೇ ಮಾಡಿಟ್ಟಿರ್ತಾರೆ. ಅಳತೆ ಸರಿ ಇದ್ರೆ ಕೊನೆಗೆ ಸೋಪಲ್ಲಿ ಕಾಸ್ಟಿಕ್ ಉಳಿಯಲ್ಲ, ಅದಕ್ಕೇ ಕಪ್, ಚಮಚದ ಅಳತೆ ಅಲ್ಲ, ಗ್ರಾಮಿನ ತಕ್ಕಡಿ ಬೇಕು.

ನಾನು ಮಾಡೋದು ಹೀಗೆ. ಕೊಬ್ಬರಿ ಎಣ್ಣೆ 350 ಗ್ರಾಂ, ರೈಸ್ ಬ್ರಾನ್ ಎಣ್ಣೆ 100, ಹರಳೆಣ್ಣೆ 50, ಕಾಸ್ಟಿಕ್ 77 ಗ್ರಾಂ, ನೀರು 160 ಗ್ರಾಂ. ಇದ್ರಲ್ಲಿ ಸುಮಾರು 8 ಪರ್ಸೆಂಟ್ ಎಣ್ಣೆ ಸೋಪಾಗ್ದೆ ಉಳಿಯುತ್ತೆ, ಬರೀ ಕೊಬ್ಬರಿ ಎಣ್ಣೆ ಜಾಸ್ತಿ ಇದ್ರೆ ಚರ್ಮ ಬಿರಿಬಿರಿ ಅನ್ಸುತ್ತಲ್ಲ, ಅದಕ್ಕೆ. ಎಣ್ಣೆ ಬದಲಾಯಿಸಿದ್ರೆ ಕಾಸ್ಟಿಕ್ ಲೆಕ್ಕಾನೂ ಬದಲಾಗುತ್ತೆ, ಆನ್‌ಲೈನ್ ಸೋಪ್ ಕ್ಯಾಲ್ಕುಲೇಟರಲ್ಲಿ ಹಾಕಿ ನೋಡ್ಕೊಂಡೇ ಮಾಡಿ. ಯಾವಾಗ್ಲೂ ನೀರಿಗೆ ಕಾಸ್ಟಿಕ್ ಹಾಕ್ಬೇಕು, ಕಾಸ್ಟಿಕ್‌ಗೆ ನೀರು ಸುರಿಯಂಗಿಲ್ಲ, ಸಿಡಿಯುತ್ತೆ. ಗ್ಲೌಸು, ಕನ್ನಡಕ, ಕಿಟಕಿ ತೆಗೆದಿರ್ಲಿ, ಮಕ್ಕಳು ಆಚೆ. ಪಾತ್ರೆ ಸ್ಟೀಲೇ ಆಗ್ಬೇಕು, ಅಲ್ಯುಮಿನಿಯಂನ ಅದು ತಿನ್ನುತ್ತೆ, ಹೈಡ್ರೋಜನ್ ಗ್ಯಾಸ್ ಬೇರೆ ಬರುತ್ತೆ. ಕಾಸ್ಟಿಕ್ ನೀರು, ಬಿಸಿ ಮಾಡಿದ ಎಣ್ಣೆ ಎರಡೂ 40 ಡಿಗ್ರಿ ಹತ್ರ ತಣ್ಣಗಾದ್ಮೇಲೆ ಸೇರಿಸಿ ಹ್ಯಾಂಡ್ ಬ್ಲೆಂಡರ್ ಆಡ್ಸಿ, ಮೇಲಿಂದ ಬಿಟ್ಟ ಗೆರೆ ಅಳಿಸದೆ ನಿಂತ್ರೆ ಅಚ್ಚಿಗೆ ಹುಯ್ಯಿ.

ಕೊಡಗಿನ ಸೋಪು ಅಂದ್ಮೇಲೆ ಕಾಫಿ ಇರ್ಬೇಕಲ್ವಾ. ಫಿಲ್ಟರಲ್ಲಿ ಉಳಿದ ಚರಟ ಒಣಗಿಸಿ ಒಂದು ಚಮಚ ಹಾಕಿ, ಜಾಸ್ತಿ ಹಾಕಿದ್ರೆ ಮೈ ಉಜ್ಜೋಕೆ ಅಲ್ಲ, ಪಾತ್ರೆ ಉಜ್ಜೋಕೆ ಆಗುತ್ತೆ. ಬಣ್ಣ ಚೆನ್ನಾಗಿ ಬರುತ್ತೆ, ಕಾಫಿ ಘಮ ಮಾತ್ರ ಉಳಿಯಲ್ಲ, ಅದನ್ನ ನಿರೀಕ್ಷೆ ಮಾಡ್ಬೇಡಿ. ಜೇನುತುಪ್ಪ ಹಾಕಿದ್ರೆ ಅದ್ರಲ್ಲಿರೋ ಸಕ್ಕರೆಗೆ ಅಚ್ಚೊಳಗೇ ಬಿಸಿ ಏರಿ ಸೋಪ್ ಸೀಳುತ್ತೆ, ಒಂದು ಟೀ ಚಮಚ ಮಿತಿ. ಅರಿಶಿನ ಹಾಕ್ದಾಗ ಕೆಂಪಾದ್ರೆ ಗಾಬರಿ ಆಗ್ಬೇಡಿ, ಸುಣ್ಣ ಹಾಕಿ ಕುಂಕುಮ ಮಾಡ್ದಂಗೇ ಅದು, ಆಮೇಲೆ ಬಣ್ಣ ಇಳಿಯುತ್ತೆ. ಕಿತ್ತಳೆ ರಸ ಬೇಡ, ಹುಳಿ ಕಾಸ್ಟಿಕ್‌ನ ತಿಂದು ಅಳತೆ ಕೆಡ್ಸುತ್ತೆ. ಸಿಪ್ಪೆ ಪುಡಿ ಸಾಕು.

ಹಂಗಾದ್ರೆ ಮಳೆಗಾಲದಲ್ಲಿ ಸುಮ್ನೆ ಕೂರೋದಾ? ನೀರೇ ಇಲ್ಲದ್ದು ಮಾಡಿ. ಜೇನುಮೇಣ ಒಂದು ಪಾಲು, ಕೊಬ್ಬರಿ ಎಣ್ಣೆ ನಾಲ್ಕು ಪಾಲು, ಬಿಸಿನೀರಿನ ಮೇಲೆ ಪಾತ್ರೆ ಇಟ್ಟು ಕರಗಿಸಿ ಡಬ್ಬಿಗೆ ಹುಯ್ದ್ರೆ ಹಿಮ್ಮಡಿ ಒಡಕಿಗೆ, ತುಟಿಗೆ ಎರಡಕ್ಕೂ ಆಯ್ತು. ಬೆರಳ ಸಂದಿ ಬೆಳ್ಳಗಾಗಿ ತುರಿಸ್ತಿದ್ರೆ ಮಾತ್ರ ಇದನ್ನ ಹಚ್ಬೇಡಿ, ಅದು ಫಂಗಸ್, ಕಾಲು ಒಣಗಿಸಿಟ್ಕೊಂಡು ಡಾಕ್ಟರ್ ಹತ್ರ ಹೋಗಿ. ಮೇಣ ಸಿಗೋದು ನಮ್ಮೂರಲ್ಲಿ ಮೊದ್ಲಿನಷ್ಟು ಸುಲಭ ಅಲ್ಲ. ವಿರಾಜಪೇಟೇಲಿ 1936ರಲ್ಲೇ ಜೇನು, ಮೇಣದ ಸಹಕಾರ ಸಂಘ ಶುರುವಾಗಿದ್ದ ಜಿಲ್ಲೆ ಇದು, 1990ರ ದಶಕದ ಶುರುವಲ್ಲಿ ಜೇನುಮರಿಗಳನ್ನ ಸಾಯಿಸೋ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದಲ್ಲೆಲ್ಲ ಪೆಟ್ಟಿಗೇಲಿ ಸಾಕೋ ತುಡುವೆ ಜೇನಿನ ಕುಟುಂಬಗಳು ಹಾಳಾದ್ವು. ಪರಿಚಯದ ಜೇನು ಸಾಕೋರ ಹತ್ರ ಕೇಳಿ ತಗೊಳ್ಳಿ, ಬೆಳ್ಳಗೆ ಹೊಳೆಯೋ ಅಗ್ಗದ ಮೇಣ ಎಷ್ಟೋ ಸಲ ಕ್ಯಾಂಡಲ್ ಮೇಣಾನೇ ಆಗಿರುತ್ತೆ.

ಸ್ನಾನದ ಪುಡಿ, ಅದೇ ಹೆಸರುಹಿಟ್ಟು, ಕಸ್ತೂರಿ ಅರಿಶಿನ, ಕಿತ್ತಳೆ ಸಿಪ್ಪೆದು, ಬೇಸಿಗೇಲೇ ಒಣಗಿಸಿ ಪುಡಿ ಮಾಡಿಟ್ಟಿದ್ರೆ ಸರಿ, ಇಲ್ಲಾಂದ್ರೆ ಬೂಷ್ಟು. ಒದ್ದೆ ಕೈ ಹಾಕ್ಬೇಡಿ.

ಮಾರ್ಬೋದಾ ಅಂತ ಕೇಳೋರಿಗೆ: ಕಾಸ್ಮೆಟಿಕ್ಸ್ ರೂಲ್ಸ್ 2020 ಪ್ರಕಾರ ಮಾರೋಕೆ ತಯಾರಿಸೋರಿಗೆ ಲೈಸೆನ್ಸ್ ಬೇಕು. ನಾನು ನೆಂಟರಿಗೆ ಕೊಡ್ತೀನಿ ಅಷ್ಟೇ. ನಮ್ಮತ್ತೆ ಅಂತೂ ಎಲ್ಲಾರ ಮುಂದೆ ನನ್ ಸೋಪನ್ನ ಹೊಗಳಿ, ಬಚ್ಚಲಲ್ಲಿ ಮೈಸೂರ್ ಸ್ಯಾಂಡಲ್ಲೇ ಇಟ್ಕೊಂಡಿದಾರೆ.