ಎದುರಿನ ಅಂಗಡಿಗೆ ಹೋಗುವ ದಾರಿ

ದೊಡ್ಡಮ್ಮನ ಕನ್ನಡಕದ ಕಾಲು ಮುರಿದಿತ್ತು. ಮಳೆ ಬಿಟ್ಟ ಒಂದು ಶನಿವಾರ ಇಬ್ಬರೂ ಪೇಟೆಗೆ ಹೊರಟೆವು. ಕಾಸರಗೋಡು ಜಿಲ್ಲೆಯ ಕುಂಬಳೆ ದಾಟಿ ಮಂಗಳೂರು ಕಡೆಗೆ ಹೋಗುವಾಗ ಹೆದ್ದಾರಿ ಬದಿಯಲ್ಲಿ ಸಿಗುವ ಪೇಟೆ ಅದು. ಬಸ್ಸು ನಮ್ಮನ್ನು ಸರ್ವಿಸ್ ರೋಡಿನಲ್ಲಿ ಇಳಿಸಿತು. ಕನ್ನಡಕದ ಅಂಗಡಿಯ ಬೋರ್ಡು ಎದುರಿಗೇ ಕಾಣುತ್ತಿತ್ತು.

"ಎಲ್ಲಿಂದ ದಾಟುವುದು ಮಗಾ?" ಎಂದು ಕೇಳಿದರು ದೊಡ್ಡಮ್ಮ.

ಮೊದಲು ಇದು ಹೆದ್ದಾರಿ 17. ಲಾರಿಗೆ ಕೈ ಅಡ್ಡ ಹಿಡಿದು ಓಡಿ ದಾಟುತ್ತಿದ್ದೆವು. ಅದೇನು ಕ್ಷೇಮದ ಕೆಲಸ ಆಗಿರಲಿಲ್ಲ ಬಿಡಿ. ಈಗ 66. ಅಗಲ 45 ಮೀಟರ್, ನಡುವೆ ಆರು ಲೇನ್, ಎರಡೂ ಬದಿಗೆ ಸರ್ವಿಸ್ ರೋಡ್. ಗಡಿಯ ತಲಪಾಡಿಯಿಂದ ಕಾಸರಗೋಡು ಪೇಟೆಯ ಆಚೆಗಿನ ಚೆಂಗಳದವರೆಗೆ 39 ಕಿಲೋಮೀಟರ್ ಹೀಗೇ. ರೋಗಿಯನ್ನು ಮಂಗಳೂರಿಗೆ ಒಯ್ಯುವ ನಮ್ಮವರಿಗೆ ಈ ರಸ್ತೆಯಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಎದುರಿನ ಅಂಗಡಿಗೆ ಹೋಗಲಿಕ್ಕೆ ಅಂಡರ್‌ಪಾಸ್ ತನಕ ನಡೆಯಬೇಕು.

ಸರಿ, ನಡೆದೆವು. ಫುಟ್‌ಪಾತ್ ಅಂದರೆ ಚರಂಡಿಯ ಮೇಲಿನ ಸ್ಲ್ಯಾಬು. ಒಂದು ಸ್ಲ್ಯಾಬು ಮೇಲೆ, ಪಕ್ಕದ್ದು ಎರಡು ಬೆರಳು ಕೆಳಗೆ. ಎತ್ತಲಿಕ್ಕೆ ಬಿಟ್ಟ ತೂತಿನಲ್ಲಿ ದೊಡ್ಡಮ್ಮನ ಕೊಡೆಯ ತುದಿ ಸಿಕ್ಕಿಕೊಂಡಿತು. ಸ್ವಲ್ಪ ಮುಂದೆ ನಟ್ಟನಡುವೆ ಕರೆಂಟು ಕಂಬ. ಅಲ್ಲಿ ರಸ್ತೆಗೆ ಇಳಿಯಬೇಕು. ಇಳಿಯುವಾಗ ನನ್ನ ಭುಜ ಹಿಡಿದರು, ಹತ್ತುವಾಗ ಎರಡು ಕೈಯಲ್ಲೂ ಹಿಡಿದರು. ಕಂಬ, ಅಂಗಡಿ ಸಾಮಾನು ಏನೂ ಅಡ್ಡ ಬಾರದೆ ನಡೆಯಲಿಕ್ಕೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಅಂತ ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ಕಂಬಕ್ಕೆ ಓದಲಿಕ್ಕೆ ಬರುವುದಿಲ್ಲ ಅಲ್ವಾ?

ಎದುರಿನಿಂದ ಒಬ್ಬ ಹುಡುಗ ಸೈಕಲ್‌ನಲ್ಲಿ ರಾಂಗ್ ಸೈಡಿನಲ್ಲೇ ಬಂದ. ಆಟೋದವನು ಬೈದ. ನನಗೇನೋ ಹುಡುಗನ ಲೆಕ್ಕವೇ ಸರಿ ಕಂಡಿತು. ಸರಿಯಾದ ಬದಿಯಲ್ಲಿ ಹೋಗಬೇಕಾದರೆ ಅವನು ಮುಂದಿನ ಅಂಡರ್‌ಪಾಸಿಗೆ ಹೋಗಿ ತಿರುಗಿ ಬರಬೇಕು. ಸೈಕಲ್‌ನವನ ಪೆಟ್ರೋಲು ಅವನ ಕಾಲು. ಸುಮ್ನೆ ಯಾಕೆ ಸುಡುತ್ತಾನೆ?

ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ದೊಡ್ಡಮ್ಮ ಸೀರೆ ಎತ್ತಿ ಗೋಡೆ ಬದಿಯಲ್ಲೇ ಬಂದರು. ಆಗ ತಲೆ ಮೇಲೆ ಒಂದು ಬಸ್ಸು ಭರ್ರೆಂದು ಹೋಯಿತು.

ಬಸ್ಸು ನಿಲ್ಲುವುದು ಒಂದು ಕಡೆ, ಜನ ದಾಟುವುದು ಇನ್ನೊಂದು ಕಡೆ. ನನ್ನ ತಕರಾರು ಇದೇ. ಆರು ಲೇನ್ ಕಟ್ಟಿದವರಿಗೆ ಬಸ್ ಸ್ಟಾಪನ್ನು ಅಂಡರ್‌ಪಾಸಿನ ಬಾಯಿಗೆ ತರುವುದು ದೊಡ್ಡ ಖರ್ಚಾ? ಅಲ್ಲೇ ಸರ್ವಿಸ್ ರೋಡಿಗೆ ಸ್ವಲ್ಪ ಎತ್ತರದ ಜೀಬ್ರಾ ಕ್ರಾಸಿಂಗ್ ಹಾಕಿದರೆ ವಾಹನಗಳೂ ತನ್ನಿಂತಾನೇ ನಿಧಾನ ಆಗುತ್ತವೆ. ಕಾಸರಗೋಡು ಪೇಟೆಯಲ್ಲಿ ಫ್ಲೈಓವರನ್ನು ಒಂಟಿ ಕಂಬಗಳ ಮೇಲೆ ನಿಲ್ಲಿಸಿದ್ದಾರೆ, ಕಿಲೋಮೀಟರಿಗಿಂತ ಸ್ವಲ್ಪ ಉದ್ದ. ಕೆಳಗೆ ಜಾಗ ತೆರೆದೇ ಇದೆ, ಆಚೀಚೆ ಮುಖ ಕಾಣುತ್ತದೆ. ಸಣ್ಣ ಪೇಟೆಗಳಿಗೆ ಆ ಭಾಗ್ಯ ಇಲ್ಲ.

ಕನ್ನಡಕಕ್ಕೆ ಒಂದು ಸ್ಕ್ರೂ ಸಾಕಾಯಿತು. ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ. ಆಚೆ ಬದಿಯ ಗಿರಾಕಿಗಳು ಈಗ ಬರುವುದೇ ಕಡಿಮೆಯಂತೆ. ಅದಕ್ಕೆ ಆಚೆ ಬದಿಯಲ್ಲೂ ಬಾಡಿಗೆಗೆ ಒಂದು ಕೋಣೆ ಹುಡುಕುತ್ತಿದ್ದಾರಂತೆ.